ಮೂರಿಂಚು ಎತ್ತಿದ ಪಿಕಪ್, ಬಿಸಿಯೇ ಆಗದ ಹಿಂದಿನ ಡ್ರಮ್ಮು: ಹೆಬ್ರಿ ಕಡೆಯ ಒಂದು ಲಿಫ್ಟ್ ಕೇಸು

ಗಾಡಿ ಒಂದು ಡಬಲ್ ಕ್ಯಾಬ್ ಪಿಕಪ್, ಟೂ ವೀಲ್ ಡ್ರೈವ್, ಕೆಎ 20 ನಂಬರು, ಹಳದಿ ಬೋರ್ಡು. ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲಿನ, ಕೆಳಗಿನ ಎರಡು ಆರ್ಮು) ಜೊತೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ರಾಡು), ಹಿಂದೆ ಐದು ಪ್ಲೇಟಿನ ಲೀಫ್ ಸೆಟ್ಟು (ಒಂದರ ಮೇಲೊಂದು ಕಟ್ಟಿದ ಪಟ್ಟಿ ಸ್ಪ್ರಿಂಗು), ಬ್ರೇಕು ಮುಂದೆ ಡಿಸ್ಕ್ ಹಿಂದೆ ಡ್ರಮ್. ಕಂಪನಿ ಹೆಸರು ಬೇಡ, ಯಾಕಂದ್ರೆ ಕಂಪನಿದು ಇಲ್ಲಿ ಎಂತ ತಪ್ಪೂ ಇಲ್ಲ, ಇದೇ ತರದ ಸಸ್ಪೆನ್ಶನ್ ಇರುವ ಯಾವ ಗಾಡಿಗೆ ಹೀಗೆ ಮಾಡಿದ್ರೂ ಇದೇ ಆಗ್ತಿತ್ತು. ಯಜಮಾನ್ರು ಹೆಬ್ರಿ ಹತ್ರ ಅಡಿಕೆ ತೋಟ ಇರುವವರು, ನಾನು ಮಂಗಳೂರಲ್ಲಿ ಸಸ್ಪೆನ್ಶನ್, ಅಲೈನ್‌ಮೆಂಟ್ ಕೆಲಸ ಮಾಡುವವ, ಗಾಡಿ ನನ್ನ ಹತ್ರ ಬಂದದ್ದು ಲಿಫ್ಟ್, ಅಂದ್ರೆ ಬಾಡಿ ಎತ್ತರಿಸುವ ಕೆಲಸ, ಎಲ್ಲ ಆಗಿ ಒಂದು ಮಳೆಗಾಲ ಕಳೆದ ಮೇಲೆ.

ಎತ್ತಲಿಕ್ಕೆ ಕಾರಣ ಶೋಕಿ ಅಲ್ಲ, ಅದನ್ನ ಮೊದಲೇ ಹೇಳ್ಬೇಕು. ಡಾಂಬರು ರೋಡಿಂದ ತೋಟದ ಮನೆಗೆ ಹೋಗುವ ದಾರಿ ಪೂರ್ತಿ ಮುರಕಲ್ಲಿನದ್ದು, ಟ್ರ್ಯಾಕ್ಟರ್ ಓಡಾಡಿ ಎರಡೂ ಬದಿ ಗಾಲಿ ಹೋಗುವಲ್ಲಿ ಆಳ ಬಿದ್ದು ನಡುವೆ ದಿಬ್ಬ ನಿಂತಿದೆ, ಮಳೆ ನೀರು ಬೇರೆ ಕಡೆ ಹೋಗ್ಲಿಕ್ಕೆ ಜಾಗ ಇಲ್ಲದೆ ಆ ಗಾಲಿ ದಾರಿಯಲ್ಲೇ ಹರಿದು ಪ್ರತಿ ವರ್ಷ ಇನ್ನೂ ಸ್ವಲ್ಪ ಕೊರೀತದೆ. ಗಾಡಿಯ ಹೊಟ್ಟೆ ಆ ದಿಬ್ಬಕ್ಕೆ ಉಜ್ಜುತ್ತಿತ್ತು, ಸೈಲೆನ್ಸರ್ ಪೈಪ್ ಎರಡು ಸಲ ಬದಲಾಗಿತ್ತು, ಆಮೇಲೆ ತೋಡು ದಾಟಿ ಆಚೆ ಹತ್ತುವಾಗ ಹಿಂದಿನ ಬಂಪರ್ ನೆಲಕ್ಕೆ ಕೂತ್ಕೊಳ್ತಿತ್ತು. ಯಾರೋ ಹೇಳಿದ್ರು ಮೂರಿಂಚು ಎತ್ತಿದ್ರೆ ಎಲ್ಲ ಸರಿ ಆಗ್ತದೆ ಅಂತ, ರೆಡಿಮೇಡ್ ಕಿಟ್ಟಿನ ರೇಟು ಕೇಳಿದ್ರೆ ಆ ವರ್ಷದ ಗೊಬ್ಬರದ ಖರ್ಚು ಅದ್ರಲ್ಲೇ ಮುಗೀತದೆ, ಹಾಗಾಗಿ ಊರಿನ ವೆಲ್ಡಿಂಗ್ ಶಾಪಲ್ಲೇ ಕೆಲಸ.

ಮಾಡಿದ್ದು ಇಷ್ಟು. ಈ ಗಾಡಿಯಲ್ಲಿ ಲೀಫ್ ಸೆಟ್ಟು ಆಕ್ಸಲಿನ ಮೇಲೆ ಕೂತಿರ್ತದೆ, ಹಾಗಾಗಿ ಎರಡರ ನಡುವೆ ಬ್ಲಾಕ್ ಇಟ್ರೆ ಬ್ಲಾಕ್ ಎಷ್ಟು ದಪ್ಪವೋ ಅಷ್ಟು ಬಾಡಿ ಮೇಲೆ ಬರ್ತದೆ. ಮೂರಿಂಚಿನ ಚೌಕ ಪೈಪು ಕಟ್ ಮಾಡಿ ಎರಡು ಬದಿಗೆ ಪ್ಲೇಟ್ ಮುಚ್ಚಿ ವೆಲ್ಡ್ ಮಾಡಿ, ಕೆಳಗೆ ಒಂದು ಪಿನ್, ಮೇಲೆ ಲೀಫ್ ಪ್ಲೇಟುಗಳನ್ನ ಪೋಣಿಸಿರುವ ಸೆಂಟರ್ ಬೋಲ್ಟ್ ಕೂರಲಿಕ್ಕೆ ತೂತು. ಲೀಫ್ ಸೆಟ್ಟನ್ನ ಆಕ್ಸಲಿಗೆ ಕಟ್ಟಿ ಹಿಡಿಯುವ ಹಳೇ ಯು ಬೋಲ್ಟ್ ಉದ್ದ ಸಾಲಲಿಲ್ಲ ಅಂತ ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ರಾಡು ಬಗ್ಗಿಸಿ ಡೈ ಹಾಕಿ ಥ್ರೆಡ್ ಕಡ್ದು ಹೊಸ ಯು ಬೋಲ್ಟ್. ಮುಂದೆ ಎಂತದ್ದೂ ಸಾಮಾನು ಬೇಡ, ಟಾರ್ಷನ್ ಬಾರಿನ ಅಡ್ಜಸ್ಟ್ ಬೋಲ್ಟನ್ನ ತಿರುಗಿಸಿದಷ್ಟು ಮೂತಿ ಏಳ್ತದೆ, ಹಿಂದಿನ ಎತ್ತರಕ್ಕೆ ಸರಿ ಕಾಣುವ ತನಕ ತಿರುಗಿಸಿ ಬಿಟ್ಟಿದ್ರು. ಒಂದು ದಿನದ ಕೆಲಸ, ಖರ್ಚು ಕಮ್ಮಿ, ಗಾಡಿ ನೋಡ್ಲಿಕ್ಕೆ ನಿಜವಾಗ್ಲೂ ಚಂದ ಇತ್ತು, ಅದು ಸುಳ್ಳು ಹೇಳಿ ಪ್ರಯೋಜನ ಇಲ್ಲ.

ಮೊದಲು ಶುರುವಾದದ್ದು ಸಣ್ಣ ಸಣ್ಣದ್ದು. ಮೊದಲ ಗೇರಿಂದ ಹೊರಡುವಾಗ ಫ್ಲೋರಿನ ಅಡಿಯಲ್ಲಿ ಗರಗರ, ಸ್ಪೀಡಾದ ಮೇಲೆ ಕಮ್ಮಿ. ಮುಂದೆ ಹಂಪ್ ಇಳಿಯುವಾಗ ಟಕ್ ಟಕ್ ಶಬ್ದ. ಮುಂದಿನ ಟಯರಿನ ಹೊರಗಿನ ಅಂಚು ಬೇಗ ಸವೀಲಿಕ್ಕೆ ಶುರು. ಇದನ್ನೆಲ್ಲ ಅವ್ರು ಸಹಿಸಿಕೊಂಡ್ರು, ಎತ್ತರ ಮಾಡಿದ್ಮೇಲೆ ಅಷ್ಟು ಇರ್ತದೆ ಅಂತ. ಹೆದರಿಕೆ ಆದದ್ದು ತೀರ್ಥಹಳ್ಳಿ ಕಡೆಯಿಂದ ಕುರಿಗೊಬ್ಬರ ತುಂಬ್ಕೊಂಡು ಆಗುಂಬೆ ಘಾಟಿ ಇಳಿಯುವಾಗ, ಅರ್ಧದಷ್ಟು ತಿರುವುಗಳು ಮುಗಿಯುವಷ್ಟರಲ್ಲಿ ಮುಂದಿನ ಚಕ್ರದಿಂದ ಸುಟ್ಟ ವಾಸನೆ, ಪೆಡಲ್ ಕೆಳಗೆ ಕೆಳಗೆ ಹೋಗ್ಲಿಕ್ಕೆ ಶುರು, ಸೋಮೇಶ್ವರ ಮುಟ್ಟುವಾಗ ಅವ್ರ ಪ್ರಾಣ ಬಾಯಿಗೆ ಬಂದಿತ್ತು.

ಊರಲ್ಲಿ ತೋರಿಸಿದಲ್ಲೆಲ್ಲ ಒಂದೇ ಮಾತು, ಪ್ಯಾಡ್ ಹೋಗಿದೆ, ಫ್ಲೂಯಿಡ್ ಹಳತು. ಫ್ಲೂಯಿಡ್ ಹಳತು ಅನ್ನುವುದು ಸುಳ್ಳಲ್ಲ, ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಎಳ್ಕೊಳ್ತದೆ, ಡಾಟ್ 3 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದಾಗಿದ್ದಾಗ ಕಮ್ಮಿ ಅಂದ್ರೆ 205 ಡಿಗ್ರಿ ತನಕ ಕುದಿಯಬಾರದು, ತೇವ ಹಿಡಿದ್ಮೇಲೆ ಆ ಲೆಕ್ಕ 140ಕ್ಕೆ ಇಳೀತದೆ, ನಮ್ಮ ಕರಾವಳಿಯ ಗಾಳಿಗೆ ಅದು ಬೇಗವೇ ಆಗ್ತದೆ. ಹೊಸ ಪ್ಯಾಡು, ಹೊಸ ಫ್ಲೂಯಿಡ್ ಎರಡೂ ಹಾಕಿಸಿದ್ರು. ಖಾಲಿ ಗಾಡಿ ಓಡ್ಸಿ ನೋಡಿದ್ರೆ ಎಲ್ಲ ಒಳ್ಳೆದುಂಟು, ಲೋಡ್ ಹಾಕಿದ ಕೂಡ್ಲೆ ಮತ್ತೆ ಅದೇ. ಅಷ್ಟಾದ ಮೇಲೆ ನನಗೆ ಫೋನು, "ಎಂತದು ಅಂತ ನೀನೇ ಒಮ್ಮೆ ನೋಡು ಮಾರಾಯ, ಘಾಟಿಗೆ ಇದನ್ನ ತಕೊಂಡು ಹೋಗ್ಲಿಕ್ಕೆ ಧೈರ್ಯ ಇಲ್ಲ ನಂಗೆ."

ಘಾಟಿಗೆ ಹೋಗುವುದು ಬೇಡ್ವೇ ಬೇಡ ಅಂದೆ. ಗೊಬ್ಬರದ ಚೀಲ ಹಾಗೇ ಇಟ್ಕೊಂಡು ಖಾಲಿ ರೋಡಲ್ಲಿ ಕಮ್ಮಿ ಸ್ಪೀಡಲ್ಲಿ ಬ್ರೇಕ್ ಹಾಕಿ ನಿಲ್ಸಿ ಹಾಕಿ ನಿಲ್ಸಿ ಮಾಡಿದ್ದು, ಆಮೇಲೆ ಟೆಂಪರೇಚರ್ ಗನ್ ಹಿಡಿದು ನೋಡಿದ್ರೆ ಮುಂದಿನ ಡಿಸ್ಕ್ 200 ಡಿಗ್ರಿ ಹತ್ರ, ಹಿಂದಿನ ಡ್ರಮ್ಮು 60 ದಾಟಲಿಲ್ಲ. ಹಿಂದಿನ ಡ್ರಮ್ ಯಾವಾಗ್ಲೂ ಮುಂದಿನದ್ದಕ್ಕಿಂತ ತಣ್ಣಗೇ ಇರ್ತದೆ, ಬ್ರೇಕ್ ಹಾಕಿದಾಗ ಭಾರ ಮುಂದೆ ಬರ್ತದಲ್ಲ, ಆದ್ರೆ ಹಿಂದೆ ಅಷ್ಟು ಲೋಡ್ ಇದ್ದು ಕೂಡ ಇಷ್ಟು ವ್ಯತ್ಯಾಸ ಅಂದ್ರೆ ಹಿಂದಿನ ಬ್ರೇಕು ಕೆಲಸವೇ ಮಾಡ್ತಾ ಇಲ್ಲ ಅಂತ ಅರ್ಥ. ಡ್ರಮ್ ಬಿಚ್ಚಿದ್ರೆ ಶೂ ಚೆನ್ನಾಗಿದೆ, ವೀಲ್ ಸಿಲಿಂಡರ್ ಚೆನ್ನಾಗಿದೆ. ಆಗ ಅಡಿಗೆ ಮಲಗಿ ಚಾಸಿ ಹತ್ರ ನೋಡಿದ್ದು.

ಅಲ್ಲಿ ಒಂದು ವಾಲ್ವ್ ಉಂಟು, ಲೋಡ್ ಸೆನ್ಸಿಂಗ್ ವಾಲ್ವ್ ಅಂತಾರೆ, ಎಲ್‌ಎಸ್‌ಪಿವಿ ಅಂತಲೂ ಹೇಳ್ತಾರೆ. ವಾಲ್ವ್ ಚಾಸಿಗೆ ಕೂತಿರ್ತದೆ, ಅದರಿಂದ ಒಂದು ಕೈ ಹೊರಟು ಲಿಂಕ್ ಮೂಲಕ ಆಕ್ಸಲಿಗೆ ಸಿಕ್ಕಿಸಿರ್ತದೆ. ಗಾಡಿಗೆ ಲೋಡ್ ಹಾಕಿದ್ರೆ ಲೀಫ್ ಕೂತು ಚಾಸಿ ಆಕ್ಸಲಿನ ಹತ್ರ ಬರ್ತದೆ, ಕೈ ಮೇಲೆ ಏಳ್ತದೆ, ವಾಲ್ವ್ ಹಿಂದಿನ ಚಕ್ರಕ್ಕೆ ಪೂರಾ ಪ್ರೆಶರ್ ಬಿಡ್ತದೆ. ಖಾಲಿ ಇದ್ದಾಗ ಚಾಸಿ ದೂರ, ಕೈ ಕೆಳಗೆ, ಆಗ ಒಂದು ಮಟ್ಟದ ಮೇಲೆ ಹಿಂದಕ್ಕೆ ಹೋಗುವ ಪ್ರೆಶರನ್ನ ಅದು ತಡೀತದೆ, ಇಲ್ಲದಿದ್ರೆ ಖಾಲಿ ಪಿಕಪ್ಪಿನ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗ್ತದೆ. ಅಂದ್ರೆ ಈ ವಾಲ್ವಿಗೆ ತೂಕ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅಂತರ ಮಾತ್ರ, ಅಂತರ ನೋಡಿ ತೂಕ ಊಹೆ ಮಾಡ್ತದೆ.

ಈಗ ಬ್ಲಾಕಿನ ಲೆಕ್ಕ ಹಾಕಿ. ಲಿಫ್ಟ್ ಮಾಡುವ ಮೊದಲು ಯಾರೂ ಏನೂ ಅಳತೆ ತೆಗ್ದಿರ್ಲಿಲ್ಲ, ಪುಣ್ಯಕ್ಕೆ ಪಕ್ಕದ ತೋಟದವರ ಹತ್ರ ಅದೇ ಮಾಡೆಲ್ ಎತ್ತದೆ ಇದ್ದದ್ದು ಇತ್ತು, ಎರಡನ್ನೂ ಅಡಿಕೆ ಒಣಗಿಸುವ ಅಂಗಳದಲ್ಲಿ ಸಪಾಟು ಜಾಗದಲ್ಲಿ ನಿಲ್ಲಿಸಿ ಚಾಸಿಯ ಅಡಿಯಿಂದ ಆಕ್ಸಲ್ ಟ್ಯೂಬಿನ ಮೇಲಿನ ತನಕ ಅಳೆದ್ವಿ. ಎತ್ತದ ಗಾಡಿ ಖಾಲಿ ಇರುವಾಗ 190 ಮಿ.ಮೀ. ಎತ್ತಿದ್ದು ಖಾಲಿ ಇರುವಾಗ 265. ಎತ್ತಿದ್ದಕ್ಕೆ ಪೂರಾ ಲೋಡ್ ಹಾಕಿದ್ರೆ 200. ನೋಡಿ, ಪೂರಾ ಲೋಡ್ ಹಾಕಿದ್ಮೇಲೂ ಅದು ಕಂಪನಿ ಗಾಡಿಯ ಖಾಲಿ ಅಳತೆಗಿಂತ ಮೇಲೆಯೇ ಉಂಟು. ಅಷ್ಟೂ ತಿಂಗಳು ವಾಲ್ವಿನ ಪಾಲಿಗೆ ಆ ಗಾಡಿಗೆ ಒಂದು ಚೀಲವೂ ಹತ್ತಿರಲಿಲ್ಲ. ಇಡೀ ಗೊಬ್ಬರ, ಇಡೀ ಘಾಟಿ, ಎಲ್ಲ ಮುಂದಿನ ಎರಡು ಡಿಸ್ಕಿನ ತಲೆ ಮೇಲೆ. ವಾಲ್ವಿನ ಕೈಯನ್ನ ಮೇಲೆತ್ತಿ ತಂತಿಯಲ್ಲಿ ಕಟ್ಟಿ ಅಂಗಳದಲ್ಲೇ ನಿಧಾನ ಓಡ್ಸಿ ಬ್ರೇಕ್ ಹಾಕಿದ್ರೆ ಹಿಂದಿನ ಚಕ್ರ ಕೂಡ್ಲೆ ಹಿಡೀತು.

ಆಗ ಯಜಮಾನ್ರು, "ಹಾಗಾದ್ರೆ ಹಾಗೇ ಕಟ್ಟಿ ಬಿಡುವ ಅಲ್ವಾ?" ಅಂದ್ರು. "ಬೇಡ ಅಣ್ಣ, ಅದು ಇನ್ನೂ ಅಪಾಯ" ಅಂದೆ. ಇದು ನಾನು ಬೇರೆ ಗಾಡಿಗಳಲ್ಲೂ ನೋಡಿದ್ದೇನೆ, ವಾಲ್ವಿನ ಕೈ ಎತ್ತಿ ತಂತಿ ಸುತ್ತಿ ಬಿಟ್ಟಿರ್ತಾರೆ, ಇಲ್ಲಾಂದ್ರೆ ವಾಲ್ವನ್ನೇ ತೆಗ್ದು ಪೈಪ್ ಸೀದಾ ಜೋಡಿಸಿರ್ತಾರೆ. ಲೋಡಲ್ಲಿ ಒಳ್ಳೆ ಬ್ರೇಕು. ಆದ್ರೆ ಚೀಲ ಇಳಿಸಿ ವಾಪಸ್ ಬರುವಾಗ, ಜೂನ್ ತಿಂಗಳ ಮೊದಲ ಮಳೆಗೆ ಹೈವೇ ಜಾರುವಾಗ, ಉಡುಪಿಯಿಂದ ಮಂಗಳೂರಿಗೆ ಬರುವ ನ್ಯಾಷನಲ್ ಹೈವೇ 66ರಲ್ಲಿ ಬಸ್ಸಿನವ ಎದುರಿಗೆ ಗಕ್ಕಂತ ನಿಲ್ಲಿಸಿದ್ರೆ ನಿಮ್ಮ ಗಾಡಿಯ ಬೆನ್ನು ಮುಂದೆ ಬರ್ತದೆ.

ಬ್ಲಾಕ್ ತೆಗೆದಾಗ ಸಿಕ್ಕಿದ್ದನ್ನೂ ಹೇಳ್ಬೇಕು. ಒಂದರ ವೆಲ್ಡಿಂಗಲ್ಲಿ ಸೂಜಿ ತೂತಿತ್ತು, ಅದರೊಳಗಿಂದ ಕೆಂಪು ನೀರು ಬಂತು, ಒಂದು ಮಳೆಗಾಲದಲ್ಲೇ ಒಳಗಿಂದ ತುಕ್ಕು. ಇನ್ನೊಂದರ ವೆಲ್ಡಿನ ಬುಡದಲ್ಲಿ ಬಿರುಕು. ಟೊಳ್ಳು ಪೈಪಿಗೆ ಮೇಲಿಂದ ಭಾರ ಬಂದ್ರೆ ತಡೀತದೆ, ಆದ್ರೆ ಬ್ರೇಕ್ ಹಾಕಿದಾಗ, ಹೊರಟಾಗ ಆಕ್ಸಲ್ ತಿರುಚಲಿಕ್ಕೆ ನೋಡ್ತದೆ, ಅದೆಲ್ಲ ಆ ಮೂರಿಂಚಿನ ಉದ್ದಕ್ಕೂ ವಾರೆಯಾಗಿ ತಳ್ಳುವ ಬಲ, ಅದಕ್ಕೆ ಗೋಡೆ ಬಾಗ್ತದೆ. ಯು ಬೋಲ್ಟ್ ಕೂಡ ಸಡಿಲ. ಎಂಎಸ್ ರಾಡು ಬಿಗಿ ಮಾಡಿದಷ್ಟು ಎಳ್ಕೊಳ್ತದೆ, ವಾಪಸ್ ಬರೂದಿಲ್ಲ, ಬಿಗಿ ಉಳಿಯೂದಿಲ್ಲ, ಕಡ್ದ ಥ್ರೆಡ್ಡಿನ ಬುಡದಿಂದಲೇ ಒಡೆಯುವುದೂ ಜಾಸ್ತಿ. ಅದು ಸಡಿಲ ಆದ್ರೆ ಆಕ್ಸಲ್ ಹಿಡಿದಿರುವುದು ಬರೀ ಸೆಂಟರ್ ಬೋಲ್ಟು, ಅದು ಜಾಗ ತೋರಿಸ್ಲಿಕ್ಕೆ ಇರುವುದೇ ಹೊರತು ಗಾಡಿ ಎಳೀಲಿಕ್ಕೆ ಅಲ್ಲ. ನನ್ನ ಪ್ರಕಾರ ಈ ಗಾಡಿಯಲ್ಲಿ ಬ್ರೇಕಿನಷ್ಟೇ ಹೆದರಿಕೆಯದ್ದು ಇದು, ಆದ್ರೆ ಇದು ಯಾವ ಮುನ್ಸೂಚನೆಯೂ ಕೊಟ್ಟಿರ್ಲಿಲ್ಲ.

ಗರಗರದ ಕಾರಣ ಪ್ರೊಪೆಲ್ಲರ್ ಶಾಫ್ಟು, ಅಂದ್ರೆ ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲನ್ನ ತಿರುಗಿಸುವ ಉದ್ದ ರಾಡು. ಈ ಗಾಡಿಯದ್ದು ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಹಿಂದಿನ ತುಂಡು ಸುಮಾರು 1100 ಮಿ.ಮೀ., ಅದರ ಒಂದು ತುದಿ 75 ಮಿ.ಮೀ. ಕೆಳಗೆ ಹೋದ್ರೆ ಹತ್ರ ಹತ್ರ 4 ಡಿಗ್ರಿ ವಾಲು ಜಾಸ್ತಿ ಆಯ್ತು. ಬ್ಲಾಕ್ ಸಪಾಟು ಇದ್ದದ್ರಿಂದ ಶಾಫ್ಟಿನ ಎರಡು ತುದಿಯ ಬಾಗುವ ಜಾಯಿಂಟು, ಅಂದ್ರೆ ಎರಡೂ ಕ್ರಾಸಿನ ಕೋನ ಒಟ್ಟಿಗೆ ಜಾಸ್ತಿ ಆಗಿ ಒಂದರ ಏರಿಳಿತ ಇನ್ನೊಂದು ಕಳೀಬೇಕು, ಲೆಕ್ಕಕ್ಕೆ ಸರಿ, ಆದ್ರೆ ಎತ್ತರದ ಬ್ಲಾಕ್ ಇದ್ದಾಗ ಕ್ಲಚ್ ಬಿಟ್ಟ ಕೂಡ್ಲೆ ಆಕ್ಸಲ್ ತಿರುಚಿ ಶಾಫ್ಟ್ ಸೇರುವ ಪಿನಿಯನ್ ಮೂತಿ ಮೇಲೇಳ್ತದೆ, ಎರಡು ಕೋನ ಬೇರೆ ಬೇರೆ ಆಗ್ತದೆ, ಆಗ ಶಾಫ್ಟ್ ಒಂದು ಸುತ್ತಿಗೆ ಎರಡು ಸಲ ಕುಲುಕ್ತದೆ. ಹೊರಡುವಾಗ ಮಾತ್ರ ಗರಗರ ಬರುವುದು ಅದಕ್ಕೇ.

ಮುಂದಿನ ಚಕ್ರದ ಕಡೆಯದ್ದು ಬೇಗ ಹೇಳ್ತೇನೆ. ಟಾರ್ಷನ್ ಬಾರ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿ ಆಗ್ತದೆ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ, ಆಗೂದಿಲ್ಲ, ಬಾರ್ ಅದೇ, ಅದರ ಗಟ್ಟಿತನ ಅದೇ, ನಿಲ್ಲುವ ಜಾಗ ಮಾತ್ರ ಬೇರೆ. ಮೇಲೆ ಏರಿಸಿದಷ್ಟು ಚಕ್ರಕ್ಕೆ ಕೆಳಗೆ ಇಳೀಲಿಕ್ಕೆ ಜಾಗ ಕಮ್ಮಿ, ಹಂಪ್ ಇಳಿಯುವಾಗ ಆರ್ಮ್ ಹೋಗಿ ಸ್ಟಾಪರಿಗೆ ಬಡೀತದೆ, ಟಕ್ ಟಕ್ ಅದೇ. ಕ್ಯಾಂಬರ್, ಅಂದ್ರೆ ಎದುರಿಂದ ನೋಡಿದ್ರೆ ಕಾಣುವ ಚಕ್ರದ ವಾಲು, ಪಾಸಿಟಿವ್ ಆಗಿ ಚಕ್ರದ ತಲೆ ಹೊರಗೆ ವಾಲ್ತದೆ, ಹೊರ ಅಂಚು ಸವೀತದೆ. ಹಿಂದಿನ ಶಾಕ್ ಅಬ್ಸಾರ್ಬರುಗಳೂ ಹಳೇ ಉದ್ದದ್ದೇ, ಖಾಲಿ ಗಾಡಿಯಲ್ಲೇ ಪೂರಾ ಎಳ್ದು ನಿಂತು ಎಡದ್ದು ಎಣ್ಣೆ ಬಿಟ್ಟಿತ್ತು.

ಇಷ್ಟೆಲ್ಲ ಆದ್ಮೇಲೆ ಕೂತು ಮಾತಾಡಿದ್ದು, ನಿಜವಾಗಿ ತಾಗ್ತಾ ಇದ್ದದ್ದು ಯಾವುದು ಅಂತ. ಮೂರಿಂಚು ಎತ್ತಿದ್ರೂ ಹಿಂದಿನ ಡಿಫ್ರೆನ್ಶಿಯಲ್ ಹೌಸಿಂಗ್ (ಆಕ್ಸಲಿನ ನಡುವಿನ ಗೇರಿನ ಗುಂಡು ಪೆಟ್ಟಿಗೆ) ಒಂದು ಕೂದಲೆಳೆ ಕೂಡ ಮೇಲೆ ಬಂದಿರ್ಲಿಲ್ಲ, ಯಾಕಂದ್ರೆ ಅದು ಆಕ್ಸಲಿನ ಜೊತೆ ಚಕ್ರದ ನಡುವಲ್ಲಿ ಇರ್ತದೆ, ಅದನ್ನ ಎತ್ತುವುದು ಟಯರ್ ಮಾತ್ರ. ಬ್ಲಾಕ್ ಎತ್ತುವುದು ಚಾಸಿ, ಗೇರ್‌ಬಾಕ್ಸಿನ ಅಡ್ಡಪಟ್ಟಿ, ಬಂಪರ್, ಸೈಲೆನ್ಸರ್ ಇಷ್ಟನ್ನ. ದಿಬ್ಬದ ಗೀರು ನೋಡಿದ್ರೆ ಹೊಟ್ಟೆ ತಾಗ್ತಿದ್ದದ್ದು ಬೆರಳಷ್ಟು ದಪ್ಪಕ್ಕೆ, ಮೂರಿಂಚಿನ ಅಗತ್ಯವೇ ಇರ್ಲಿಲ್ಲ. ಮೇಲೆ ಎತ್ತಿದ್ದಕ್ಕೆ ಇನ್ನೊಂದು ಬೆಲೆ ಉಂಟು. ಚಕ್ರದಿಂದ ಚಕ್ರಕ್ಕೆ ಅಗಲ 1450 ಮಿ.ಮೀ., ಭಾರದ ಕೇಂದ್ರ ನೆಲದಿಂದ 700 ಅಂತ ಇಟ್ಕೊಳ್ಳಿ, ಅಗಲದ ಅರ್ಧವನ್ನ ಎತ್ತರದಿಂದ ಭಾಗಿಸಿದ್ರೆ 1.04, ಎತ್ತರ 775 ಆದ್ರೆ 0.94. ಈ ಸಂಖ್ಯೆ ಕಮ್ಮಿ ಆದಷ್ಟು ಗಾಡಿ ಮಗುಚುವುದು ಸುಲಭ, ಅದ್ರ ಮೇಲೆ ಚೀಲ ಎತ್ತರಕ್ಕೆ ಪೇರಿಸುವುದು ಬೇರೆ.

ಕೊನೆಗೆ ಮಾಡಿದ್ದು ಹೀಗೆ. ಬ್ಲಾಕ್ ಎರಡೂ ಗುಜರಿಗೆ. ಲೀಫ್ ಸೆಟ್ಟಿಗೆ ಒಂದು ಪ್ಲೇಟ್ ಸೇರಿಸಿ, ಸೋತಿದ್ದ ಹಳೇ ಪ್ಲೇಟುಗಳಿಗೆ ಪ್ರೆಸ್ಸಲ್ಲಿ ತಣ್ಣಗೇ ಕಮಾನು ಕೊಡಿಸಿದ್ದು. ಗ್ಯಾಸ್ ಕಟರಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ಸ್ಪ್ರಿಂಗ್ ಸ್ಟೀಲಿಗೆ ಕೊಟ್ಟ ಹದವೇ ಅದ್ರಲ್ಲಿ ಹೋಗ್ತದೆ, ನಾಲ್ಕು ಲೋಡಿಗೆ ಮತ್ತೆ ಮಲಗ್ತದೆ. ಇಷ್ಟಕ್ಕೆ ಹಿಂದೆ ಸಿಕ್ಕಿದ್ದು 30 ಮಿ.ಮೀ. ಖಾಲಿ ಇರುವಾಗ ಹಿಂದೆ ಸ್ವಲ್ಪ ಹಾರ್ತದೆ, ಪ್ಲೇಟ್ ಜಾಸ್ತಿ ಆದ್ರೆ ಅದು ಇರುವುದೇ. ಯು ಬೋಲ್ಟ್ ಗ್ರೇಡ್ ಇರುವ ಹೊಸದ್ದು, ಹಳೇದನ್ನ ಮತ್ತೆ ಹಾಕುವ ಅಭ್ಯಾಸವನ್ನೇ ಬಿಡ್ಬೇಕು. ಮುಂದೆ ಟಾರ್ಷನ್ ಬಾರ್ ಇಳಿಸಿ ಕಂಪನಿ ಎತ್ತರಕ್ಕಿಂತ 25 ಮಿ.ಮೀ. ಮೇಲೆ ನಿಲ್ಲಿಸಿ ಅಲೈನ್‌ಮೆಂಟ್. ಹೇಗೂ ಸವೆದಿದ್ದ ಟಯರ್ 215/75 ಆರ್ 15 ಬದಲು 235/75 ಆರ್ 15, ಅದರ ವ್ಯಾಸ 30 ಮಿ.ಮೀ. ಜಾಸ್ತಿ, ಹಾಗಾಗಿ ಹೌಸಿಂಗ್ ಸಮೇತ ಇಡೀ ಗಾಡಿ 15 ಮಿ.ಮೀ. ಮೇಲೆ. ಮೀಟರಲ್ಲಿ 60 ತೋರಿಸುವಾಗ ಗಾಡಿ ಸುಮಾರು 62.5ರಲ್ಲಿ ಹೋಗ್ತಾ ಇರ್ತದೆ, ಅದನ್ನ ನೆನಪಿಟ್ಕೊಳ್ಬೇಕು.

ವಾಲ್ವಿಗೆ ಮಾತ್ರ ಜಾಸ್ತಿ ಹೊತ್ತು ಹೋಯ್ತು. ಆಕ್ಸಲಿನ ಮೇಲೆ ಲಿಂಕ್ ಸಿಕ್ಕಿಸುವ ಬ್ರಾಕೆಟ್ಟಿಗೆ ಸರಿಯಾಗಿ 30 ಮಿ.ಮೀ. ಎತ್ತರದ ಗಟ್ಟಿ ತುಂಡು ಕೊಟ್ಟು, ಖಾಲಿ ಗಾಡಿಯಲ್ಲಿ ವಾಲ್ವಿನ ಕೈ ಪಕ್ಕದ ತೋಟದವರ ಗಾಡಿಯಲ್ಲಿ ಯಾವ ಕೋನದಲ್ಲಿ ಇತ್ತೋ ಅದೇ ಕೋನಕ್ಕೆ ತಂದದ್ದು, ಆಮೇಲೆ ಮುಂದೆ ಹಿಂದೆ ಪ್ರೆಶರ್ ಗೇಜ್ ಹಾಕಿ ಸರ್ವಿಸ್ ಮ್ಯಾನುಯಲ್ಲಿನ ಲೆಕ್ಕಕ್ಕೆ ಹೋಲಿಸಿ ನೋಡಿದ್ದು. ಜಾಕ್ ಚಾಸಿಗೆ ಕೊಟ್ಟು ಆಕ್ಸಲ್ ಪೂರಾ ನೇತಾಡಿಸಿ ಬ್ರೇಕ್ ಹೋಸ್ ಎಳೀತದಾ, ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಆಗ್ತದಾ, ಶಾಕ್ ಎಲ್ಲಿ ನಿಲ್ತದೆ ಅಂತಲೂ ನೋಡಿದ್ದಾಯ್ತು. ಲೋಡ್ ಹಾಕಿ ಅದೇ ರೋಡಲ್ಲಿ ಅದೇ ಪರೀಕ್ಷೆ ಮಾಡಿದಾಗ ಡ್ರಮ್ಮು 110ರ ಹತ್ರ ಬಂತು.

ಕಾನೂನಿನ ವಿಷಯ ಅವ್ರಿಗೆ ಯಾರೂ ಹೇಳಿರ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಕೇಸಲ್ಲಿ ಅದನ್ನೇ ಗಟ್ಟಿ ಮಾಡಿದೆ, ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಆಗ್ಬಹುದು. ಹಳದಿ ಬೋರ್ಡಿನ ಗಾಡಿ, ಫಿಟ್ನೆಸ್ ತಪಾಸಣೆ ಅಂದ್ರೆ ಎಫ್‌ಸಿಗೆ ನಿಲ್ಲಲೇ ಬೇಕು. ಬ್ಲಾಕ್ ಇದ್ದ ಗಾಡಿಯಲ್ಲಿ ಘಾಟಿಯಲ್ಲಿ ಏನಾದ್ರೂ ಆಗಿದ್ರೆ ಇನ್ಶೂರೆನ್ಸಿನವರ ಸರ್ವೇಯರ್ ಮೊದಲು ನೋಡುವುದೇ ಅದನ್ನ. ಹೊಸ ಪ್ಲೇಟು, ದೊಡ್ಡ ಟಯರು ಕೂಡ ಕಂಪನಿಯ ವಿವರದಲ್ಲಿ ಇಲ್ಲ, ಅದನ್ನ ಅವ್ರಿಗೆ ನೇರ ಹೇಳಿದ್ದೇನೆ, ಎಫ್‌ಸಿಗೆ ಹಳೇ ಸೈಜಿನ ಟಯರ್ ಹಾಕುವ ಉಪಾಯ ಮಾಡುವ ಬದಲು ಮೊದಲೇ ಆರ್‌ಟಿಒ ಆಫೀಸಲ್ಲಿ ಕೇಳಿ ಅಂತಲೂ.

ದಾರಿಗೆ ಒಂದು ಮಧ್ಯಾಹ್ನ ಜೆಸಿಬಿ ಕರ್ಸಿದ್ರು. ನಡುವಿನ ದಿಬ್ಬ ಕೆರೆದು ಅದೇ ಮುರಕಲ್ಲಿನ ಪುಡಿ ಗಾಲಿ ದಾರಿಗೆ ತುಂಬಿಸಿ, ಒಂದು ಬದಿಗೆ ನೀರು ಹೋಗ್ಲಿಕ್ಕೆ ಕಣಿ ತೆಗ್ಸಿದ್ದು. ನನ್ನ ಅಂದಾಜಿಗೆ ಮೊದಲೇ ಇದನ್ನ ಮಾಡಿಸಿದ್ರೆ ನನ್ನ ಹತ್ರ ಬರ್ಲಿಕ್ಕೇ ಇರ್ಲಿಲ್ಲ, ಆದ್ರೆ ದಾರಿಯ ಅರ್ಧ ದಾಯಾದಿಗಳದ್ದು, ಅವ್ರನ್ನ ಒಪ್ಪಿಸುವುದಕ್ಕಿಂತ ಗಾಡಿ ಎತ್ತುವುದು ಸುಲಭ ಅಂತ ಕಂಡಿತ್ತಂತೆ.

ಈಗ ಹೊಟ್ಟೆ ತಾಗೂದಿಲ್ಲ. ಗರಗರ ಹೋಗಿದೆ, ಯು ಬೋಲ್ಟ್ 500 ಕಿಲೋಮೀಟರ್ ಆದ್ಮೇಲೆ ಒಮ್ಮೆ ಬಿಗಿ ಮಾಡಿಸಿದ್ದಾರೆ, ಉಪ್ಪುಗಾಳಿಗೆ ಥ್ರೆಡ್ ಹಿಡಿಯದ ಹಾಗೆ ಗ್ರೀಸ್ ಬಳಿದಿದೆ. ಗೊಬ್ಬರ ತುಂಬ್ಕೊಂಡು ಎರಡನೇ ಗೇರಲ್ಲಿ ಆಗುಂಬೆ ಇಳಿದು ಬಂದ್ರು, ಪೆಡಲ್ ಮೇಲೇ ನಿಂತಿತ್ತು ಅಂತ ಫೋನು ಮಾಡಿದ್ರು. ತೋಡು ಹತ್ತುವಾಗ ಪೂರಾ ಲೋಡ್ ಇದ್ರೆ ಹಿಂದಿನ ಬಂಪರ್ ಈಗಲೂ ಉಜ್ಜುತ್ತದೆ, ಅದಕ್ಕೆ ಅರ್ಧ ಲೋಡ್ ಈಚೆಗೇ ಇಳಿಸಿ ಎರಡು ಸರ್ತಿ ಹೊಡೀತಾರೆ.